ಹೊರದೇಶದ ಸರ್ಕಾರ ನಮ್ಮೂರ ಸಂಘಕ್ಕೆ ದುಡ್ಡು ಕೊಟ್ಟರೆ ಅದು ಸಹಾಯವಾ, ಕೈವಾಡವಾ?

ಊರೂರು ಸುತ್ತೋಳು

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಟಿಬಿ ಕೆಲಸ ಮಾಡುತ್ತಿದ್ದೆ. ಮಾತ್ರೆ, ತಪಾಸಣೆ ಎಲ್ಲ ನಮ್ಮ ಸರ್ಕಾರದ್ದೇ. ನಮ್ಮ ಸಂಸ್ಥೆಯದ್ದು ಮನೆಮನೆಗೆ ಹೋಗುವ ಕೆಲಸ. ಎರಡು ವಾರ ದಾಟಿದ ಕೆಮ್ಮು ಇರುವವರನ್ನು ಹುಡುಕುವುದು, ಕಫದ ಡಬ್ಬಿ ಕೊಟ್ಟು ಮರುದಿನ ಬೆಳಿಗ್ಗೆ ಇಸ್ಕೊಂಡು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸುವುದು, ಮಾತ್ರೆ ಅರ್ಧಕ್ಕೇ ಬಿಟ್ಟವರ ಹತ್ತಿರ ಕೂತು ಮಾತಾಡುವುದು. ಸಂಬಳ ಬರುತ್ತಿದ್ದುದು ಹೊರದೇಶದ ಒಂದು ಸರ್ಕಾರದ ದುಡ್ಡಿನಿಂದ. ಯಾವ ದೇಶ, ಯಾವ ಸಂಸ್ಥೆ ಅಂತ ಬರೆಯುವುದಿಲ್ಲ. ಕೇಳಬೇಡಿ, ಊಹೆಯನ್ನೂ ಮಾಡಬೇಡಿ. ಈಚೆಗೆ ದುಡ್ಡು ನಿಲ್ಲಿಸಿದ ದೇಶ ಒಂದೆರಡಲ್ಲ.

ಒಂದು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿದ್ದೆ. ಚೀಲದಲ್ಲಿ ಆರು ಡಬ್ಬಿ, ಒಂದೊಂದರ ಮೇಲೂ ಹೆಸರಿನ ಚೀಟಿ. ಮೊಬೈಲಿಗೆ ಮೆಸೇಜ್ ಬಂತು. ಇವತ್ತಿನಿಂದ ಎಲ್ಲ ಕೆಲಸ ನಿಲ್ಲಿಸಿ, ಓಡಾಟದ ಖರ್ಚು ಬರೆಯಬೇಡಿ ಅಂತ. ಆರು ಡಬ್ಬಿ ಏನು ಮಾಡಲಿ? ಕಿಟಕಿಯಿಂದ ಎಸೆಯಲಾ? ಬಸ್ಸು ಹೇಗೂ ನಮಗೆ ಫ್ರೀ, ಆಸ್ಪತ್ರೆಗೆ ಕೊಟ್ಟೇ ಬಂದೆ.

ಮನೆಯಲ್ಲಿ ಹೇಳಿದರೆ ನಮ್ಮ ಸೋದರಮಾವ, 'ಒಳ್ಳೇದೇ ಆಯ್ತು ಬಿಡವ್ವ. ನಮ್ಮೂರ ಕೆಮ್ಮಿನ ಚಿಂತೆ ಅವರಿಗೆ ಯಾಕೆ? ಲಾಭ ಇಲ್ಲದೆ ಯಾರು ಕೊಡ್ತಾರೆ?' ಅಂದರು. ನನಗೆ ಉತ್ತರ ತೋಚಲಿಲ್ಲ. ಈಗಲೂ ತೋಚಿಲ್ಲ. ನಿಮಗೆ ಏನನ್ನಿಸುತ್ತೆ?

ಸುಮ್ನೆ ಓದುವವ

ಮಾವ ಹೇಳಿದ್ದು ಸರಿ.

ಅಡಿಕೆ ಸುಲಿಯೋನು

ಮಾವ ಹೇಳಿದ್ದು ಅರ್ಧ ಸರಿ ಮಾರಾಯ್ರೆ. ಲಾಭ ನೋಡದೆ ಯಾವ ಸರ್ಕಾರವೂ ಕೊಡುವುದಿಲ್ಲ. ಆದರೆ ಲಾಭ ಅಂದರೆ ನಿಮ್ಮ ಡಬ್ಬಿಯಲ್ಲಿದ್ದ ಕಫ ಅಲ್ಲ, ಹೆಸರು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹೊರದೇಶಕ್ಕೆ ನೆರವು ಕೊಡುವ ಸರ್ಕಾರಿ ಸಂಸ್ಥೆ ಯುಎಸ್‌ಎಐಡಿ ಶುರು ಮಾಡಿದ್ದು ಬಡವರ ಮೇಲಿನ ಮರುಕ ಒಂದಕ್ಕೇ ಅಲ್ಲ. ಆ ಕಡೆ ರಷ್ಯಾ ಇತ್ತು, ಹೊಸದಾಗಿ ಸ್ವತಂತ್ರವಾದ ದೇಶಗಳು ಯಾರ ಕಡೆ ವಾಲುತ್ತವೆ ಎಂಬ ಭಯ ಇತ್ತು. ಜರ್ಮನಿಯದ್ದು ಇನ್ನೊಂದು ದಾರಿ. ಅಲ್ಲಿ ಒಂದೊಂದು ಪಕ್ಷಕ್ಕೂ ಹತ್ತಿರದ ಒಂದೊಂದು ಪ್ರತಿಷ್ಠಾನ ಇದೆ. ಸೋಷಿಯಲ್ ಡೆಮಾಕ್ರಟರಿಗೆ ಫ್ರೀಡ್ರಿಕ್ ಎಬರ್ಟ್, ಕ್ರಿಶ್ಚಿಯನ್ ಡೆಮಾಕ್ರಟರಿಗೆ ಕೊನ್ರಾಡ್ ಅಡೆನೌರ್, ಹಸಿರು ಪಕ್ಷಕ್ಕೆ ಹೈನ್ರಿಕ್ ಬೋಲ್. ದುಡ್ಡು ಬಹುಪಾಲು ಅಲ್ಲಿನ ಸರ್ಕಾರದ ಬೊಕ್ಕಸದಿಂದ. ದೆಹಲಿಯಲ್ಲಿ ಇವರು ಎಷ್ಟೋ ವರ್ಷದಿಂದ ಕೆಲಸ ಮಾಡಿದ್ದಾರೆ.

ಲಾಭ ಇದೆ ಅಂದ ತಕ್ಷಣ ಕೆಲಸ ಕೆಟ್ಟದ್ದು ಅಂತ ಆಗುವುದಿಲ್ಲ. ನಮ್ಮ ಸೊಸೈಟಿಯವರು ಅಡಿಕೆ ಕೊಳ್ಳುವುದೂ ಲಾಭಕ್ಕೇ ಅಲ್ವಾ?

ಹಳೇ ಮೇಷ್ಟ್ರು

ಇಂಥ ಮಾತು ಬಂದಾಗಲೆಲ್ಲ ನನಗೆ ಶಾಲೆಯ ಉಪ್ಪಿಟ್ಟು ನೆನಪಾಗುತ್ತದೆ. ನಾನು ಪ್ರೈಮರಿ ಓದಿದ್ದು 60ರ ದಶಕದ ಕೊನೆಯಲ್ಲಿ. ಮಧ್ಯಾಹ್ನ ಹೊಡೆಯುವ ಮುಂಚೆಯೇ ಹಿತ್ತಲಿನಿಂದ ವಾಸನೆ ಬರುತ್ತಿತ್ತು. ಹಳದಿ ಬಣ್ಣದ ಉಪ್ಪಿಟ್ಟು. ಒಗ್ಗರಣೆ ಅಂದರೆ ನಾಲ್ಕು ಸಾಸಿವೆ, ಒಂದಿಷ್ಟು ಒಣಮೆಣಸಿನಕಾಯಿ ಅಷ್ಟೆ. ಮುತ್ತುಗದ ಎಲೆ ನಾವೇ ತರಬೇಕು. ಮನೆಯಿಂದ ಬುತ್ತಿ ತರುವ ಮಕ್ಕಳೂ ಬುತ್ತಿ ಬಿಟ್ಟು ಸಾಲಿನಲ್ಲಿ ನಿಲ್ಲುತ್ತಿದ್ದರು.

ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರ. ಏನು ಬರೆದಿದೆ ಅಂತ ನಮಗೆ ಗೊತ್ತಿಲ್ಲ. ನಮ್ಮ ಮೇಷ್ಟ್ರು 'ಕೇರ್‌ನವರದ್ದು' ಅನ್ನುತ್ತಿದ್ದರು. ಕೇರ್ ಅಂದರೆ ಯಾರೋ ಒಬ್ಬ ಸಾಹುಕಾರ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಖಾಲಿ ಚೀಲ ಒಗೆದು ನನ್ನ ಅವ್ವ ನನಗೆ ಪಾಟಿಚೀಲ ಹೊಲಿದಿದ್ದಳು. ಎಣ್ಣೆ ಡಬ್ಬ ನಮ್ಮ ಬಚ್ಚಲಲ್ಲಿ ನೀರು ತೋಡಲು ಇತ್ತು. ಕೈ ಕುಲುಕುವ ಚಿತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಗೋಧಿ ನುಚ್ಚು

ಮೇಷ್ಟ್ರೇ, ಅದು ಗೋಧಿ ನುಚ್ಚಿನ ಉಪ್ಪಿಟ್ಟು. ಹಳದಿ ಹೇಗಾಗುತ್ತೆ?

ಹಳೇ ಮೇಷ್ಟ್ರು

ಮೆಕ್ಕೆಜೋಳ ಮತ್ತು ಸೋಯಾ ಸೇರಿಸಿದ ಹಿಟ್ಟೂ ಬರುತ್ತಿತ್ತು ತಮ್ಮಾ. ನಾನು ತಿಂದದ್ದು ಹಳದಿಯೇ. ನೀನು ತಿಂದದ್ದು ನನಗೆ ಗೊತ್ತಿಲ್ಲ.

ಲೆಕ್ಕದ ಪುಸ್ತಕ

ಉಪ್ಪಿಟ್ಟಿನ ಜಗಳ ಆಮೇಲೆ ಆಡಿ. ಮೇಷ್ಟ್ರು ಗೊತ್ತಿಲ್ಲದೆಯೇ ಈ ಚರ್ಚೆಯ ನಡುಮಧ್ಯ ಕೈ ಇಟ್ಟಿದ್ದಾರೆ. ಕೇರ್ ಸರ್ಕಾರ ಅಲ್ಲ, ಸ್ವಯಂಸೇವಾ ಸಂಸ್ಥೆ. 1945ರಲ್ಲಿ ಯುದ್ಧ ಮುಗಿದ ಮೇಲೆ ಯುರೋಪಿಗೆ ಆಹಾರದ ಪೊಟ್ಟಣ ಕಳಿಸಲು ಹುಟ್ಟಿದ್ದು. ಆದರೆ ಶಾಲೆಗೆ ಬಂದ ಧಾನ್ಯ ಅಮೆರಿಕ ಸರ್ಕಾರದ್ದು. 1954ರ ಪಿಎಲ್ 480 ಕಾನೂನು. ಅಲ್ಲಿನ ರೈತರ ಹೆಚ್ಚುವರಿ ಬೆಳೆಯನ್ನು ಸರ್ಕಾರ ಕೊಂಡು ಹೊರದೇಶಕ್ಕೆ ಕಳಿಸುತ್ತಿತ್ತು. ಒಂದಿಷ್ಟು ಮಾರಾಟ, ಒಂದಿಷ್ಟು ಇಂಥ ಸಂಸ್ಥೆಗಳ ಮೂಲಕ ದಾನ.

ಇನ್ನೊಂದು ಮುಖವೂ ಇದೆ. 1965-66ರ ಬರಗಾಲದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗನ್ನು ತಿಂಗಳು ತಿಂಗಳು ಲೆಕ್ಕ ಹಾಕಿ ಬಿಟ್ಟರು. ನಮ್ಮ ಕೃಷಿ ನೀತಿ ಬದಲಾಗಬೇಕು ಅನ್ನುವುದು ಒಂದು ಕಾರಣ. ನಾವು ವಿಯೆಟ್ನಾಂ ಯುದ್ಧ ಟೀಕಿಸಿದ್ದು ಇನ್ನೊಂದು ಸಿಟ್ಟು. ಮೇಷ್ಟ್ರ ಎಲೆಯ ಮೇಲಿನ ಉಪ್ಪಿಟ್ಟು ಮತ್ತು ನಮ್ಮನ್ನು ಬಿಗಿಹಿಡಿದ ಆ ಹಗ್ಗ, ಎರಡೂ ಒಂದೇ ಗೋದಾಮಿನದ್ದು.

ಕೋಟೆಯ ಕಾವಲುಗಾರ

ಲೆಕ್ಕದ ಪುಸ್ತಕದವರು ನನ್ನ ಮಾತನ್ನೇ ಹೇಳಿದರು. ಹಗ್ಗ ಇಲ್ಲದ ದುಡ್ಡೇ ಇಲ್ಲ. ಟಿಬಿ ಅಂತ ಒಳಗೆ ಬರುತ್ತಾರೆ, ಆಮೇಲೆ ಚುನಾವಣೆಗೂ ಕೈ ಹಾಕುತ್ತಾರೆ. ಭಾರತದಲ್ಲಿ ವೋಟ್ ಮಾಡಿಸೋಕೆ 2.1 ಕೋಟಿ ಡಾಲರ್, ಅಂದರೆ 182 ಕೋಟಿ ರೂಪಾಯಿ ಕೊಟ್ಟಿದ್ದರು ಅಂತ ಅಮೆರಿಕದವರೇ ಹೇಳಿದ್ದು ಮರೆತುಹೋಯ್ತಾ? ಅವರ ಅಧ್ಯಕ್ಷರೇ ಹೇಳಿದರು. ಇನ್ನೇನು ಸಾಕ್ಷಿ ಬೇಕು?

ಸುಮ್ನೆ ಓದುವವ

ಅದು ಬಾಂಗ್ಲಾದೇಶಕ್ಕೆ ಅಂತ ಓದಿದ್ದೆನಲ್ಲ?

ಅಡಿಕೆ ಸುಲಿಯೋನು

ಹೌದು. 2025ರ ಫೆಬ್ರವರಿ 16ಕ್ಕೆ ಅಮೆರಿಕ ಸರ್ಕಾರದ ಖರ್ಚು ಕಡಿತ ಮಾಡುವ ತಂಡ ಡಾಜ್‌ನವರು ರದ್ದು ಮಾಡಿದ ಖರ್ಚಿನ ಆ ಪಟ್ಟಿ ಹಾಕಿದರು. ಕೆಲವೇ ದಿನದಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ದಾಖಲೆ ತೆಗೆದು, ಆ ಮೊತ್ತ 2022ರಲ್ಲಿ ಮಂಜೂರಾದದ್ದು ಬಾಂಗ್ಲಾದೇಶಕ್ಕೆ ಅಂತ ತೋರಿಸಿತು. ಆ ಆಗಸ್ಟಿನಲ್ಲಿ ನಮ್ಮ ವಿದೇಶಾಂಗ ಇಲಾಖೆಯೇ ರಾಜ್ಯಸಭೆಗೆ ಉತ್ತರ ಕೊಟ್ಟಿತು. 2014ರಿಂದ 2024ರವರೆಗೆ ಭಾರತದಲ್ಲಿ ಮತದಾನ ಹೆಚ್ಚಿಸಲು ಅಂಥ 2.1 ಕೋಟಿ ಡಾಲರ್ ಬಂದೂ ಇಲ್ಲ, ಕೊಟ್ಟೂ ಇಲ್ಲ ಅಂತ ಅಮೆರಿಕದ ರಾಯಭಾರ ಕಚೇರಿ ತಿಳಿಸಿದೆ ಅಂತ. ನಮ್ಮ ಹಣಕಾಸು ಇಲಾಖೆಯ 2023-24ರ ವರದಿಯಲ್ಲೂ ಯುಎಸ್‌ಎಐಡಿ ಜೊತೆ ಏಳು ಯೋಜನೆ ಇವೆ. ಕೃಷಿ, ನೀರು, ಆರೋಗ್ಯ, ಇಂಧನ ಇಂಥವು. ಚುನಾವಣೆ ಅದರಲ್ಲಿ ಇಲ್ಲ.

ಅಧ್ಯಕ್ಷರು ಹೇಳಿದ್ದೆಲ್ಲ ಸಾಕ್ಷಿ ಆದರೆ ಕಷ್ಟ ಮಾರಾಯ್ರೆ.

ಕೋಟೆಯ ಕಾವಲುಗಾರ

ಸರಿ, ಆ ಒಂದು ಲೆಕ್ಕ ತಪ್ಪು ಅಂತ ಒಪ್ಪಿದೆ. ಬಾಂಗ್ಲಾದೇಶದ ಚುನಾವಣೆಗೆ ಕೊಟ್ಟರೆ ಅದು ಪುಣ್ಯವಾ? ಪ್ರಶ್ನೆ ಹಾಗೇ ಇದೆ. ಇನ್ನೊಂದು ಕೇಳುತ್ತೇನೆ, ನೇರ ಉತ್ತರ ಕೊಡಿ. ನಾಳೆ ಚೀನಾ ಸರ್ಕಾರ ಬೆಂಗಳೂರಿನ ಒಂದು ಎನ್‌ಜಿಒಗೆ ದುಡ್ಡು ಕೊಟ್ಟು 'ಪರಿಸರ ಉಳಿಸಿ' ಅಂದರೆ ನೀವೆಲ್ಲ ಹೀಗೇ ಮಾತಾಡುತ್ತೀರಾ?

ಗೋಧಿ ನುಚ್ಚು

ಈ ಪ್ರಶ್ನೆ ಚೆನ್ನಾಗಿದೆ. ನನಗೂ ಉತ್ತರ ಗೊತ್ತಿಲ್ಲ.

ಕರಿಕೋಟು

ನಾನು ವಕೀಲ. ಕಾವಲುಗಾರರ ಪ್ರಶ್ನೆಗೆ ನಮ್ಮ ದೇಶ 1976ರಿಂದಲೂ ಉತ್ತರ ಹುಡುಕುತ್ತಿದೆ. ಎಫ್‌ಸಿಆರ್‌ಎ ಅನ್ನುವ, ವಿದೇಶಿ ದೇಣಿಗೆಗೆ ಕಡಿವಾಣ ಹಾಕುವ ಕಾನೂನು ಬಂದದ್ದು ಆಗ, ತುರ್ತುಪರಿಸ್ಥಿತಿ ನಡುವೆ. ಆಗಿನ ಕೂಗು ಗೊತ್ತಲ್ಲ, 'ವಿದೇಶಿ ಕೈ'. ಆ ಭಯ ಪೂರ್ತಿ ಸುಳ್ಳೂ ಅಲ್ಲ. 1967ರಲ್ಲಿ ರಾಂಪಾರ್ಟ್ಸ್ ಎಂಬ ಅಮೆರಿಕದ ಪತ್ರಿಕೆ, ಅಲ್ಲಿನ ವಿದ್ಯಾರ್ಥಿ ಸಂಘಕ್ಕೆ ಸಿಐಎ ಗುಟ್ಟಾಗಿ ದುಡ್ಡು ಕೊಡುತ್ತಿದ್ದುದನ್ನು ಬಯಲು ಮಾಡಿತ್ತು. ಲೇಖಕರ, ಪತ್ರಿಕೆಗಳ ಸಂಘಟನೆಗಳ ಹೆಸರೂ ಹೊರಬಂತು. ಆ ಮರ್ಯಾದೆಗೇಡಿನ ನಂತರವೇ, 1983ರಲ್ಲಿ, ಎನ್‌ಇಡಿ ಅಂತ, ಬೇರೆ ದೇಶಗಳ ಪ್ರಜಾಪ್ರಭುತ್ವದ ಕೆಲಸಕ್ಕೆ ದುಡ್ಡು ಕೊಡುವ ಒಂದು ಸಂಸ್ಥೆ ಕಟ್ಟಿದರು. ಗುಟ್ಟಾಗಿ ಕೊಟ್ಟು ಸಿಕ್ಕಿಬೀಳುವ ಬದಲು ಅಲ್ಲಿನ ಸಂಸತ್ತಿನ ಬಜೆಟ್‌ನಲ್ಲಿ ಬರೆದು ಬಹಿರಂಗವಾಗಿ ಕೊಡೋಣ ಅಂತ. ಬ್ರಿಟನ್ನಿನವರೂ 1992ರಲ್ಲಿ ಇಂಥದ್ದೇ ವೆಸ್ಟ್‌ಮಿನ್‌ಸ್ಟರ್ ಫೌಂಡೇಶನ್ ಶುರು ಮಾಡಿದರು.

ಅಂದರೆ ನನ್ನ ಮಟ್ಟಿಗೆ ಗೆರೆ ಇರುವುದು ಚೀನಾನಾ ಅಮೆರಿಕಾನಾ ಅನ್ನುವುದರಲ್ಲಿ ಅಲ್ಲ. ಲೆಕ್ಕ ಬಿಚ್ಚಿಟ್ಟಿದೆಯಾ, ಇಲ್ಲವಾ ಅನ್ನುವುದರಲ್ಲಿ.

ಇನ್ನು ನಮ್ಮ ಕಾನೂನಿನ ತಮಾಷೆ. ಎರಡು ದೊಡ್ಡ ಪಕ್ಷಗಳು ವಿದೇಶಿ ಮೂಲದ ಕಂಪನಿಯಿಂದ ದೇಣಿಗೆ ಪಡೆದದ್ದು ತಪ್ಪು ಅಂತ ದೆಹಲಿ ಹೈಕೋರ್ಟ್ 2014ರಲ್ಲಿ ಹೇಳಿತು. ಆಮೇಲೆ ಏನಾಯ್ತು? 'ವಿದೇಶಿ ಮೂಲ' ಅನ್ನುವ ಪದದ ಅರ್ಥವನ್ನೇ ಬದಲಾಯಿಸಿದರು. 2018ರ ಹಣಕಾಸು ಕಾಯ್ದೆಯಲ್ಲಿ ಆ ಬದಲಾವಣೆ 1976ರಿಂದಲೇ ಇತ್ತು ಅಂತ ಮಾಡಿಬಿಟ್ಟರು. ಪಕ್ಷಕ್ಕೆ 42 ವರ್ಷ ಹಿಂದಕ್ಕೆ ಹೋಗಿ ಕ್ಷಮೆ. ಸಂಘಕ್ಕೆ ಒಂದು ಫಾರಂ ತಡವಾದರೆ ದಂಡ.

ಸುಮ್ನೆ ಓದುವವ

ಹಣಕಾಸು ಕಾಯ್ದೆಯಲ್ಲಿ ಟೈಮ್ ಮಷೀನ್ 😄

ಲೆಕ್ಕದ ಪುಸ್ತಕ

ಕರಿಕೋಟು ಸರ್ ಹೇಳಿದ ಫಾರಂ ತುಂಬುವುದೇ ನನ್ನ ಹೊಟ್ಟೆಪಾಡು. 2020ರ ತಿದ್ದುಪಡಿ ಆದ ಮೇಲೆ ಚಿಕ್ಕ ಸಂಸ್ಥೆಗಳ ಕಥೆ ಕೇಳಬೇಡಿ. ವಿದೇಶಿ ದುಡ್ಡು ಮೊದಲು ದೆಹಲಿಯ ಒಂದೇ ಒಂದು ಬ್ಯಾಂಕ್ ಶಾಖೆಗೆ ಬರಬೇಕು. ಯಾದಗಿರಿಯ ಸಂಘವಾದರೂ ಸರಿ, ಖಾತೆ ದೆಹಲಿಯಲ್ಲಿ. ಆಡಳಿತ ಖರ್ಚಿನ ಮಿತಿ 50 ಪರ್ಸೆಂಟ್ ಇದ್ದದ್ದು 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಹೊಡೆತ ಕೊಟ್ಟದ್ದು, ದೊಡ್ಡ ಸಂಸ್ಥೆ ತನ್ನ ವಿದೇಶಿ ದುಡ್ಡಿನಲ್ಲಿ ಚಿಕ್ಕ ಸಂಸ್ಥೆಗೆ ಪಾಲು ಕೊಡುವಂತಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟೂ ಇದೆಲ್ಲ ಸರಿ ಅಂದಿತು.

ಮೇಡಂ, ನಿಮ್ಮದು ಬೇರೆ ಸಂಸ್ಥೆಯಾ, ಇಲ್ಲ ದೊಡ್ಡ ಸಂಸ್ಥೆಯ ಶಾಖೆಯಾ? ಪಾಲು ಇಸ್ಕೊಳ್ಳುತ್ತಿದ್ದರೆ ನಿಮ್ಮ ಅಧ್ಯಕ್ಷರಿಗೆ ತೊಂದರೆ.

ಊರೂರು ಸುತ್ತೋಳು

ಇಲ್ಲ ಸರ್, ನಾವು ಬೆಂಗಳೂರಿನ ಸಂಸ್ಥೆಯ ನೌಕರರೇ. ನಮ್ಮ ತಾಲ್ಲೂಕಿನಲ್ಲಿ ಬಾಡಿಗೆ ರೂಮು ಒಂದಿತ್ತು ಅಷ್ಟೆ. ಮೊದಲು ನಮ್ಮೂರಿನದೇ ಒಂದು ಸಂಘ ಈ ಕೆಲಸ ಮಾಡುತ್ತಿತ್ತಂತೆ. ನೀವು ಹೇಳಿದ ಆ ನಿಯಮ ಬಂದ ಮೇಲೆ ಅದು ಬಾಗಿಲು ಹಾಕಿತು. ಅಲ್ಲಿದ್ದ ಅಕ್ಕನೇ ನನಗೆ ಕೆಲಸ ಕಲಿಸಿದ್ದು.

ಕಾಲುವೆ ದಡದಿಂದ

ನಾನು ನೆದರ್ಲೆಂಡ್ಸಿನ ಹೇಗ್ ಹತ್ತಿರ ಇದ್ದೇನೆ, ಹನ್ನೊಂದು ವರ್ಷ ಆಯ್ತು. ಕೊಡುವ ಕಡೆಯ ಸುದ್ದಿ ಹೇಳುತ್ತೇನೆ.

ಡಚ್ ಸರ್ಕಾರ 1965ರಿಂದಲೇ ತನ್ನ ನೆರವಿನ ಒಂದು ಪಾಲನ್ನು ಇಲ್ಲಿನ ಸ್ವಯಂಸೇವಾ ಸಂಸ್ಥೆಗಳ ಕೈಗೆ ಕೊಡುತ್ತಾ ಬಂದಿತ್ತು. ಅವರು ಅದನ್ನು ಬೇರೆ ದೇಶದ ಸಂಘಗಳಿಗೆ ಮುಟ್ಟಿಸುವುದು. ನೋವಿಬ್, ಹಿವೋಸ್ ಎಲ್ಲ ಹೀಗೇ ಬೆಳೆದದ್ದು. ಹಿವೋಸ್‌ನ ಕಚೇರಿ ಬೆಂಗಳೂರಿನಲ್ಲೇ ಇತ್ತು, ಕೆಲವರಿಗೆ ನೆನಪಿರಬಹುದು. 2016ರಿಂದ 2020ರವರೆಗಿನ ಒಂದು ಕಾರ್ಯಕ್ರಮದ ಹೆಸರೇ 'ಸಂವಾದ ಮತ್ತು ಭಿನ್ನಮತ'. ಅಂದರೆ ಸರ್ಕಾರಗಳನ್ನು ಪ್ರಶ್ನೆ ಮಾಡುವ ಸಂಘಗಳಿಗೆ ಒಂದು ಸರ್ಕಾರವೇ ದುಡ್ಡು ಕೊಡುವುದು. ಇದನ್ನು ನಮ್ಮ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, 'ಅಲ್ಲೇ, ತಮ್ಮನ್ನ ಬೈಯೋರಿಗೆ ತಾವೇ ದುಡ್ಡು ಕೊಡ್ತಾರಾ?' ಅಂತ ನಕ್ಕಿದ್ದರು.

ಈಗ ಗಾಳಿ ಬದಲಾಗಿದೆ. 2024ರ ನವೆಂಬರ್‌ನಲ್ಲಿ ಆಗಿನ ಸಚಿವೆ ರೈನೆಟ್ ಕ್ಲೇವರ್, 2026ರಿಂದ ಸಂಘಟನೆಗಳ ಅನುದಾನವನ್ನು ಅರ್ಧಕ್ಕಿಂತ ಜಾಸ್ತಿ ಕಡಿತ ಮಾಡುತ್ತೇವೆ ಅಂದರು. ಇನ್ನು ಮುಂದೆ ನೆರವು ಅಂದರೆ ಡಚ್ಚರ ವ್ಯಾಪಾರ, ಭದ್ರತೆ, ವಲಸೆ ತಡೆ ಇವಕ್ಕೆ ಅನುಕೂಲ ಆಗಬೇಕಂತೆ. ಬಾಯಿಬಿಟ್ಟೇ ಹೇಳಿದರು. ಆದ್ದರಿಂದ ನಿಮ್ಮ ಮಾವನಿಗೆ ಹೇಳಿ, 'ಲಾಭ ಇಲ್ಲದೆ ಯಾರು ಕೊಡ್ತಾರೆ' ಅನ್ನುವ ಅವರ ಮಾತು ಈಗ ಸರ್ಕಾರಿ ನೀತಿ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಇದು ಸರಿ ಕಾಣುತ್ತದೆ. ವೃದ್ಧಾಶ್ರಮಕ್ಕೆ ದಾದಿಯರಿಲ್ಲ, ಅವರಿಗ್ಯಾಕೆ ಅನ್ನುತ್ತಾರೆ. ತೆರಿಗೆ ನಾನೂ ಕಟ್ಟುತ್ತೇನೆ, ಅವರ ಮಾತು ಅರ್ಥವಾಗುತ್ತದೆ. ಒಪ್ಪಿಗೆಯಾಗುವುದಿಲ್ಲ.

ಅಡಿಕೆ ಸುಲಿಯೋನು

ಬ್ರಿಟನ್ ಕಥೆಯೂ ಅದೇ. ಅಲ್ಲಿ ನೆರವಿಗೆ ಅಂತಲೇ ಇದ್ದ ಇಲಾಖೆಯನ್ನು 2020ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಇಲಾಖೆಯೊಳಗೆ ಸೇರಿಸಿದರು. ರಾಷ್ಟ್ರೀಯ ಆದಾಯದ ನೂರಕ್ಕೆ 0.7 ಇದ್ದದ್ದು 0.5ಕ್ಕೆ ಇಳಿಯಿತು, 2027ಕ್ಕೆ 0.3 ಅಂತೆ. ಉಳಿದ ದುಡ್ಡು ರಕ್ಷಣೆಗೆ. ಕೆನಡಾ, ಆಸ್ಟ್ರೇಲಿಯಾ 2013ರಲ್ಲೇ ಹೀಗೆ ಸೇರಿಸಿದ್ದವು. ಅಮೆರಿಕದ್ದು ಗೊತ್ತೇ ಇದೆ. 2025ರ ಜನವರಿ 20ಕ್ಕೆ 90 ದಿನ ತಡೆ ಅಂದರು, ಮಾರ್ಚ್ 10ಕ್ಕೆ ನೂರಕ್ಕೆ 83 ಕಾರ್ಯಕ್ರಮ ರದ್ದು, ಜುಲೈ 1ಕ್ಕೆ ಯುಎಸ್‌ಎಐಡಿ ಅಂಗಡಿಯೇ ಬಂದ್.

ಬಿಜಾಪುರದ ಅಕ್ಕ

ಡಚ್ಚರ ಮಾತು ಬಂತಲ್ಲ, ಅದಕ್ಕೆ ಬರೀತೀನಿ. ನನ್ನ ಮಗ ಟೈಪ್ ಮಾಡುತ್ತಿದ್ದಾನೆ.

ನಾನು ಮಹಿಳಾ ಸಮಖ್ಯಾದಲ್ಲಿ ಸಹಯೋಗಿನಿ, ಅಂದರೆ ಹಳ್ಳಿಹಳ್ಳಿಗೆ ಹೋಗಿ ಹೆಂಗಸರ ಸಂಘ ಕಟ್ಟುವವಳು, ಆಗಿದ್ದೆ. ಹಳ್ಳಿ ಹೆಂಗಸರಿಗಾಗಿ ಇದ್ದ ಆ ಸರ್ಕಾರಿ ಕಾರ್ಯಕ್ರಮ 1989ರಲ್ಲಿ ಮೂರು ರಾಜ್ಯದಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಿಜಾಪುರ, ಬೀದರ್, ಮೈಸೂರು. ನಾನು ಸೇರಿದ್ದು ಸ್ವಲ್ಪ ಆಮೇಲೆ. ಒಬ್ಬೊಬ್ಬರಿಗೆ ಹತ್ತು ಹಳ್ಳಿ. ಮೊದಲ ದಿನ ಹೆಂಗಸರು ಕೇಳಿದರು, 'ಎಮ್ಮೆ ಕೊಡ್ತೀಯೇನವ್ವ? ಸಾಲ ಕೊಡ್ತೀಯೇನು?' ಇಲ್ಲರೀ, ಏನೂ ಕೊಡೂದಿಲ್ಲ, ಕೂತು ಮಾತಾಡೂಣು ಅಂದೆ. ನಕ್ಕು ಎದ್ದು ಹೋದರು. ಆರು ತಿಂಗಳು ಹೀಗೇ ಹೋಯಿತು. ರಾತ್ರಿ ಊಟ ಆದ ಮೇಲೆ ಮಾತ್ರ ಅವರಿಗೆ ಬಿಡುವು, ಕಂದೀಲು ಇಟ್ಟುಕೊಂಡು ಕೂರುತ್ತಿದ್ದೆವು. ಆಮೇಲೆ ಒಂದು ದಿನ ಅವರೇ ಹೇಳಿದರು, ನಮಗೆ ಕೂಡಾಕ ಒಂದು ಜಾಗ ಬೇಕು. ಸಂಘದ ಮನೆ ಕಟ್ಟಿಸಿದರು. ಅದರ ಜಾಗಕ್ಕೆ ಪಂಚಾಯ್ತಿಯಲ್ಲಿ ಜಗಳ ಆಡಿದ್ದೇ ಅವರ ಮೊದಲ ಪಾಠ. ಆ ಜಗಳದಲ್ಲಿ ಮುಂದೆ ನಿಂತಾಕಿ ಮುಂದೆ ಅದೇ ಪಂಚಾಯ್ತಿ ಮೆಂಬರ್ ಆದಳು.

ಅದು ಡಚ್ ಸರ್ಕಾರದ ದುಡ್ಡು ಅಂತ ನನಗೆ ಗೊತ್ತಾದದ್ದು ಎರಡು ವರ್ಷ ಆದ ಮೇಲೆ, ಅಲ್ಲಿಂದ ಇಬ್ಬರು ನೋಡಲು ಬಂದಾಗ. ದುಡ್ಡು ಬರುತ್ತಿದ್ದುದು ನಮ್ಮ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ ಮೂಲಕವೇ. ನಮ್ಮ ಸಂಘದ ಹೆಂಗಸೊಬ್ಬಳು ಅವರನ್ನು ಕೇಳಿದಳು, 'ನಿಮ್ಮೂರಾಗ ಹೆಂಗಸರು ಪಂಚಾಯ್ತಿಗೆ ಹೋಗ್ತಾರೇನ್ರಿ?' ಅಂತ. ದುಭಾಷಿ ನಕ್ಕು ನಕ್ಕು ಸುಸ್ತಾದ.

ತಂಗಿ, ನಿನ್ನ ಮಾವನಿಗೆ ಏನು ಹೇಳಬೇಕು ನನಗೂ ಗೊತ್ತಿಲ್ಲ. ದುಡ್ಡು ಯಾರದ್ದು ಅಂತ ಆ ಹೆಂಗಸರು ಎಂದೂ ಕೇಳಲಿಲ್ಲ. ನಾಳೆ ನೀನು ಬರ್ತೀಯಾ ಇಲ್ಲಾ, ಅಷ್ಟೇ ಕೇಳುತ್ತಿದ್ದರು.

ಕಾಲುವೆ ದಡದಿಂದ

ಅಕ್ಕಾ, ಇದನ್ನು ಪಕ್ಕದ ಮನೆಯ ಅಜ್ಜಿಗೆ ಡಚ್‌ನಲ್ಲಿ ಓದಿ ಹೇಳುತ್ತೇನೆ. ದುಭಾಷಿ ನಕ್ಕದ್ದನ್ನೂ ಸೇರಿಸಿ.

ಕೋಟೆಯ ಕಾವಲುಗಾರ

ಅಕ್ಕನವರ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಗಮನಿಸಿ, ಅದು ನಮ್ಮ ಸರ್ಕಾರದ ಕಾರ್ಯಕ್ರಮ. ದುಡ್ಡು ಹೊರಗಿನದು, ಲಗಾಮು ನಮ್ಮದು. ನಾನು ಹೇಳುವುದೂ ಅದನ್ನೇ. ನೇರವಾಗಿ ಸಂಘಕ್ಕೆ ಬರಬಾರದು.

ಕರಿಕೋಟು

ಇಲ್ಲೇ ಒಂದು ವಿಚಿತ್ರ ಇದೆ ಕಾವಲುಗಾರರೇ. 2003ರಲ್ಲಿ ವಾಜಪೇಯಿ ಸರ್ಕಾರ ಹೇಳಿದ್ದು ಇದಕ್ಕೆ ಉಲ್ಟಾ. ಚಿಕ್ಕ ಚಿಕ್ಕ ದೇಶಗಳ ನೆರವು ಸರ್ಕಾರಕ್ಕೆ ಬೇಡ, ಅಮೆರಿಕ, ಬ್ರಿಟನ್, ರಷ್ಯಾ, ಜರ್ಮನಿ, ಜಪಾನ್ ಮತ್ತು ಯುರೋಪಿಯನ್ ಒಕ್ಕೂಟ ಸಾಕು, ಉಳಿದವರು ಕೊಡುವುದಿದ್ದರೆ ಸ್ವಯಂಸೇವಾ ಸಂಸ್ಥೆಗಳಿಗೆ ಕೊಡಲಿ ಅಂತ. ಅಂದರೆ ಆಗ ಸಂಘದ ಬಾಗಿಲಿಗೆ ಕಳಿಸಿದವರೇ ನಾವು. 2010ರಲ್ಲಿ, 2020ರಲ್ಲಿ ಆ ಬಾಗಿಲಿನ ಚಿಲಕ ಬಿಗಿ ಮಾಡಿದವರೂ ನಾವೇ. 2010ರದ್ದು ಒಂದು ಪಕ್ಷದ ಸರ್ಕಾರ, 2020ರದ್ದು ಇನ್ನೊಂದು. ಕುರ್ಚಿ ಮೇಲೆ ಕೂತವರಿಗೆ ಪ್ರಶ್ನೆ ಮಾಡುವ ಸಂಘ ಇಷ್ಟವಾಗುವುದಿಲ್ಲ, ಪಕ್ಷ ಯಾವುದಾದರೇನು.

ಇನ್ನೊಂದು. ಹೊರಗಿನ ದುಡ್ಡು ಕಂಪನಿಗೆ ಬಂದರೆ 'ಬಂಡವಾಳ', ಅದಕ್ಕೆ ಸಮಾವೇಶ ಮಾಡಿ ಹಾರ ಹಾಕುತ್ತೇವೆ. ಸಂಘಕ್ಕೆ ಬಂದರೆ 'ಕೈವಾಡ'.

ಕೋಟೆಯ ಕಾವಲುಗಾರ

ಕಂಪನಿ ತೆರಿಗೆ ಕಟ್ಟುತ್ತೆ ಸ್ವಾಮಿ.

ಲೆಕ್ಕದ ಪುಸ್ತಕ

ಎಲ್ಲ ಕಟ್ಟುತ್ತಾವಾ? ನನ್ನ ಬಾಯಿ ಬಿಡಿಸಬೇಡಿ 😄

ಜಂಜಿಬಾರ್ ಲವಂಗ

ಎಲ್ಲರೂ ನಾವು ಇಸ್ಕೊಳ್ಳುವವರು ಅಂತಲೇ ಮಾತಾಡುತ್ತಿದ್ದೀರಿ. ನಾವು ಕೊಡುವವರೂ ಹೌದು. ನಾನು ಟಾಂಜಾನಿಯಾದಲ್ಲಿ ಐದು ವರ್ಷ ಇದ್ದೆ, ಕಂಪನಿ ಕೆಲಸ. ಒಮ್ಮೆ ಜಂಜಿಬಾರಿನ ಒಂದು ಹಳ್ಳಿಗೆ ಹೋದಾಗ ಐವತ್ತು ದಾಟಿದ ಹೆಂಗಸೊಬ್ಬರು ನಾನು ಭಾರತದವನು ಅಂತ ಗೊತ್ತಾದ ಕೂಡಲೇ 'ತಿಲೋನಿಯಾ, ತಿಲೋನಿಯಾ' ಅಂದರು. ನನಗೆ ಏನೂ ಅರ್ಥ ಆಗಲಿಲ್ಲ. ಆಮೇಲೆ ಒಳಗೆ ಕರೆದು ಗೋಡೆಗೆ ಹೊಡೆದಿದ್ದ ಸೋಲಾರ್ ಪೆಟ್ಟಿಗೆ ತೋರಿಸಿದರು. ಅವರೇ ಜೋಡಿಸಿದ್ದಂತೆ.

ತಿಲೋನಿಯಾ ರಾಜಸ್ಥಾನದ ಹಳ್ಳಿ. ಬಂಕರ್ ರಾಯ್ 1972ರಲ್ಲಿ ಕಟ್ಟಿದ ಬೇರ್‌ಫುಟ್ ಕಾಲೇಜು ಇರುವುದು ಅಲ್ಲಿ. ಆಫ್ರಿಕಾದಿಂದ, ಪೆಸಿಫಿಕ್ ದ್ವೀಪಗಳಿಂದ ಓದುಬರಹ ಇಲ್ಲದ ಹೆಂಗಸರನ್ನು ಕರೆಸಿ ಆರು ತಿಂಗಳು ಸೋಲಾರ್ ದೀಪ ಕಟ್ಟುವುದು ಕಲಿಸುತ್ತಾರೆ. ಭಾಷೆ ಒಂದಕ್ಕೊಂದು ಬಾರದು. ಬಣ್ಣದ ಗುರುತು ಮತ್ತು ಕೈಸನ್ನೆಯಲ್ಲೇ ಪಾಠ. ವಿಮಾನದ ಖರ್ಚು, ಉಳಿಯುವ ಖರ್ಚು ನಮ್ಮ ವಿದೇಶಾಂಗ ಇಲಾಖೆಯದ್ದು. 1964ರಲ್ಲಿ ಶುರುವಾದ, ಬೇರೆ ದೇಶದವರಿಗೆ ತರಬೇತಿ ಕೊಡುವ ಐಟೆಕ್ ಅನ್ನುವ ಕಾರ್ಯಕ್ರಮದಡಿ. ಹೀಗೇ ಕಾಬೂಲಿನಲ್ಲಿ ಹೆಂಗಸರಿಗೆ ಹೊಲಿಗೆ ಮತ್ತು ಬೇರೆ ಕಸುಬು ಕಲಿಸಲು ಗುಜರಾತಿನ 'ಸೇವಾ' ಅನ್ನುವ ಹೆಂಗಸರ ಸಂಘಟನೆಯನ್ನು ಕಳಿಸಿದ್ದು ನಮ್ಮ ಸರ್ಕಾರ. ಶ್ರೀಲಂಕಾದಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೂ ಅದೇ ಸೇವಾ. ಜೈಪುರದ ಕೃತಕ ಕಾಲು ಹಾಕುವ ಶಿಬಿರಗಳನ್ನು ಎಷ್ಟೋ ದೇಶದಲ್ಲಿ ಮಾಡಿಸಿದರು.

ಕಾವಲುಗಾರರ ಲೆಕ್ಕದಲ್ಲಿ ಇದೂ ಹಗ್ಗವೇ ಅಲ್ವಾ?

ಕೋಟೆಯ ಕಾವಲುಗಾರ

ನಾವು ದೀಪ ಕೊಡುತ್ತೇವೆ. ಅವರ ಸರ್ಕಾರ ಬೀಳಿಸಲು ಹೋಗುವುದಿಲ್ಲ. ವ್ಯತ್ಯಾಸ ಇದೆ.

ಜಂಜಿಬಾರ್ ಲವಂಗ

ವ್ಯತ್ಯಾಸ ಇದೆ, ಒಪ್ಪುತ್ತೇನೆ. ನಮ್ಮ ಪದ್ಧತಿಯಲ್ಲಿ ಆ ದೇಶದ ಸರ್ಕಾರ ಕೇಳಿದರೆ ಮಾತ್ರ ಕೊಡುವುದು. ಆದರೆ ನೇಪಾಳದಲ್ಲಿ 2003ರಿಂದ ನಮ್ಮ ರಾಯಭಾರ ಕಚೇರಿ ಚಿಕ್ಕ ಚಿಕ್ಕ ಯೋಜನೆಗೆ ದುಡ್ಡು ಕೊಡುತ್ತಿದೆ. ಶಾಲೆ, ಆರೋಗ್ಯ ಕೇಂದ್ರ ಇಂಥವು. ಅಲ್ಲಿನವರೂ ಇದೇ ಪ್ರಶ್ನೆ ಕೇಳುತ್ತಾರೆ, 'ದೆಹಲಿಗೆ ನಮ್ಮೂರ ಶಾಲೆಯ ಚಿಂತೆ ಯಾಕೆ?' ಅಂತ. ಒಬ್ಬ ನೇಪಾಳಿ ಸಹೋದ್ಯೋಗಿ ನನ್ನ ಮುಂದೆ ಕೇಳಿದ. ನಾನು ಆಗ ಕಾಲುವೆ ದಡದವರ ಅಜ್ಜಿಯಂತೆಯೂ ಮಾತಾಡಲಾರೆ, ಈ ಮೇಡಂ ಮಾವನಂತೆಯೂ ಮಾತಾಡಲಾರೆ. ಚಹಾ ಕುಡಿದು ಎದ್ದೆ.

2005ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರಜಾಪ್ರಭುತ್ವ ನಿಧಿ ಶುರುವಾದಾಗಲೂ ನಾವು ಮುಂದೆ ನಿಂತು ದುಡ್ಡು ಹಾಕಿದ್ದೆವು. ಅದು ಹೋಗುವುದೇ ಬೇರೆ ಬೇರೆ ದೇಶದ ಸಂಘಗಳಿಗೆ. ಇದನ್ನು ಇಲ್ಲಿ ಯಾರೂ ಎತ್ತುವುದೇ ಇಲ್ಲ.

ಗೋಧಿ ನುಚ್ಚು

ಒಂದು ದಡ್ಡ ಪ್ರಶ್ನೆ. ಇಷ್ಟೆಲ್ಲ ಯಾಕೆ? ನಮ್ಮಲ್ಲೇ ಶ್ರೀಮಂತ ಕಂಪನಿಗಳಿವೆ. ಸಿಎಸ್‌ಆರ್ ಅಂತ ಲಾಭದ 2 ಪರ್ಸೆಂಟ್ ಸಮಾಜದ ಕೆಲಸಕ್ಕೆ ಕೊಡಲೇಬೇಕು ತಾನೆ? ಟಿಬಿಗೆ ಅದನ್ನೇ ಕೊಡಿಸಿದರೆ ಮುಗೀತಲ್ಲ.

ಊರೂರು ಸುತ್ತೋಳು

ದಡ್ಡ ಪ್ರಶ್ನೆ ಅಲ್ಲ ಸರ್, ನಾವೂ ಓಡಾಡಿದೆವು. ಮೂರು ಕಂಪನಿಗೆ ಹೋದೆವು. ಒಂದರಲ್ಲಿ ಕೇಳಿದರು, 'ನಮ್ಮ ಫ್ಯಾಕ್ಟರಿ ನಿಮ್ಮ ಜಿಲ್ಲೆಯಲ್ಲಿ ಇಲ್ಲವಲ್ಲ?' ಇನ್ನೊಂದರಲ್ಲಿ, ಎಕ್ಸ್‌ರೇ ಮಷೀನ್ ಬೇಕಾದರೆ ಕೊಡುತ್ತೇವೆ, ನಿಮ್ಮ ಸಂಬಳಕ್ಕೆ ಕೊಡಲ್ಲ ಅಂದರು. ಮಷೀನಿನ ಮೇಲೆ ಹೆಸರು ಬರೆಸಬಹುದು. ನನ್ನ ಮೇಲೆ ಎಲ್ಲಿ ಬರೆಸುತ್ತಾರೆ? ಮೂರನೆಯವರು ಇನ್ನೂ ಫೋನ್ ಎತ್ತಿಲ್ಲ.

ಹಳೇ ಮೇಷ್ಟ್ರು

ಕೈ ಕುಲುಕುವ ಚಿತ್ರ ಹಾಕಲು ಜಾಗ ಬೇಕಲ್ಲ ಎಲ್ಲರಿಗೂ.

ಸುಮ್ನೆ ಓದುವವ

ಮೇಷ್ಟ್ರು 👌

ಕೋಟೆಯ ಕಾವಲುಗಾರ

ಮೇಡಂ, ನಾನು ನಿಮ್ಮ ಕೆಲಸದ ವಿರೋಧಿ ಅಲ್ಲ, ತಪ್ಪು ತಿಳಿಯಬೇಡಿ. ನನ್ನ ಅಜ್ಜ ಟಿಬಿಯಲ್ಲೇ ಹೋದರು. ನಿಮ್ಮ ಸಂಬಳ ನಮ್ಮ ಸರ್ಕಾರ ಕೊಡಬೇಕಿತ್ತು ಅನ್ನುವುದಷ್ಟೇ ನನ್ನ ಮಾತು. ಬೇರೆಯವರು ಕೊಟ್ಟದ್ದನ್ನು ಬೇರೆಯವರು ನಿಲ್ಲಿಸುತ್ತಾರೆ. ಒಂದು ಮೆಸೇಜ್ ಸಾಕು, ನೀವೇ ನೋಡಿದಿರಿ.

ಊರೂರು ಸುತ್ತೋಳು

ಅದು ನಿಜ ಸರ್. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಆಶಾ ಅಕ್ಕಂದಿರು ಗೌರವಧನಕ್ಕಾಗಿ ಎಷ್ಟು ಸಲ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದಾರೆ ನೋಡಿ. ನಮ್ಮವರು ಕೊಟ್ಟರೂ ನಿಲ್ಲುತ್ತದೆ, ತಡವಾಗುತ್ತದೆ.

ಲೆಕ್ಕದ ಪುಸ್ತಕ

ಆ ಆರು ಡಬ್ಬಿ ಏನಾದವು? ಅದನ್ನು ಹೇಳಲೇ ಇಲ್ಲ.

ಊರೂರು ಸುತ್ತೋಳು

ಎರಡು ಪಾಸಿಟಿವ್ ಬಂತು. ಒಬ್ಬರು ಹತ್ತಿ ಬಿಡಿಸಲು ಹೋಗುವ ಹೆಂಗಸು, ಇನ್ನೊಬ್ಬರು ಒಬ್ಬ ಅಜ್ಜ. ನನ್ನ ರಿಜಿಸ್ಟರ್ ಆಶಾ ಅಕ್ಕನ ಕೈಗೆ ಕೊಟ್ಟೆ. ಅಜ್ಜ ಮಾತ್ರ ನನಗೇ ಫೋನ್ ಮಾಡುತ್ತಾರೆ, ಮಾತ್ರೆ ತಗೊಂಡರೆ ಹೊಟ್ಟೆ ತೊಳೆಸುತ್ತೆ ಅಂತ. ಸರ್ಕಾರ ತಿಂಗಳಿಗೆ ಕೊಡುವ 1000 ರೂಪಾಯಿ ಮಗನ ಖಾತೆಗೆ ಹೋಗುತ್ತಿತ್ತು, ಅದನ್ನು ಸರಿ ಮಾಡಿಸಲು ಮೊನ್ನೆ ಹೋಗಿ ಬಂದೆ. ಆರು ತಿಂಗಳ ಕೋರ್ಸು, ನಾಲ್ಕು ಮುಗಿದಿದೆ.

ಅಂದ ಹಾಗೆ ಮಾವನಿಗೆ ಈ ಚರ್ಚೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದು ಗಂಟೆ ಕೂತರು. ಎಫ್‌ಸಿಆರ್‌ಎ ಎಲ್ಲ ದಾಟಿಸಿ ಉಪ್ಪಿಟ್ಟಿನ ಭಾಗ ಎರಡು ಸಲ ಓದಿದರು. ಅವರೂ ಅದೇ ಉಪ್ಪಿಟ್ಟು ತಿಂದು ಏಳನೇ ಕ್ಲಾಸು ಪಾಸಾದವರಂತೆ. ಆ ಎರಡು ಕೈಗಳ ಚಿತ್ರ ನೆನಪಿದೆಯಂತೆ, ಅದು ಅಮೆರಿಕದ್ದು ಅಂತ ಇವತ್ತೇ ಗೊತ್ತಾದದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಮೇಷ್ಟ್ರಿಗೆ ಬರಿ, ಅದು ಗೋಧಿ ನುಚ್ಚೇ, ಮೆಕ್ಕೆಜೋಳ ಅಲ್ಲ' ಅಂದರು.

ಗೋಧಿ ನುಚ್ಚು

ಮಾವನಿಗೆ ಜೈ.

ಹಳೇ ಮೇಷ್ಟ್ರು

ಯಾವ ಊರಿನ ಶಾಲೆಯಂತೆ? ಕೇಳಿ ಹೇಳವ್ವ. ನಮ್ಮ ಜಿಲ್ಲೆಯಲ್ಲಿ ಹಳದಿಯೇ ಇತ್ತು.